ಅಜ್ಜಿಯ ಪಿಂಚಣಿ ಕಡತ

ಐರ್ಲೆಂಡಿನ ಗಡಿಯೂರು ಮೊನಹನ್‌ನ ಗ್ರಂಥಾಲಯದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಹಳೆಯ ಪಿಂಚಣಿ ಕಡತ ತೆರೆದ ಕ್ಷಣವೇ ಫಿಲಿಮ್ ಮಕೆನ್ನಾನ ಅಜ್ಜ ಎರಡನೇ ಸಲ ಸತ್ತ. ಇಂಗ್ಲಿಷರ ದಂಡನ್ನು ಒಬ್ಬನೇ ಸಮುದ್ರಕ್ಕೆ ಅಟ್ಟಿದ ಆ ಅಜ್ಜನ ಸಾಹಸವನ್ನು ಫಿಲಿಮ್ ಊರಿನ ಹಸುಗಳಿಗೂ ಬಾಯಿಪಾಠ ಮಾಡಿಸಿದ್ದ. ಕಡತದಲ್ಲಿ ಇದ್ದದ್ದು ಮಾತ್ರ ಅಜ್ಜಿ ಬ್ರಿಜಿಡ್‌ಳ ಅರ್ಜಿ: "ಬಂದೂಕು ಸಾಗಿಸಿದವಳು ನಾನು. ಗಂಡ ಮನೆಯಲ್ಲಿ ಆಲೂಗೆಡ್ಡೆ ಬೇಯಿಸುತ್ತಿದ್ದರು."

ಜೊತೆಗೆ ಬಂದಿದ್ದ ಪಕ್ಕದ ಮನೆಯ ಪೀಡರ್ ನಕ್ಕ ನಗೆಗೆ ಗಡಿಯಾಚೆಯ ಕಿಟಕಿಗಳೂ ಅದುರಿದವು. "ಚೆನ್ನಾಗಿ ಬೆಂದಿತ್ತೇನೋ ಫಿಲಿಮ್? ನಿಮ್ಮಜ್ಜಂಗೆ ಸೌಟಿನ ಪದಕ ಕೊಡಿಸೋಣ ಬಿಡು."

"ಇದನ್ನೂ ನೋಡಿ," ಎಂದು ಕಡತ ಕಾಯುವ ಯುನಾ ಅರ್ಜಿಯ ಜೊತೆಗಿದ್ದ ಫೋಟೊ ಮುಂದಿಟ್ಟಳು. ಸೇತುವೆಯ ಮೇಲೆ ಅಜ್ಜಿ ಕೂಸಿನ ತಳ್ಳುಗಾಡಿ ಹಿಡಿದು ನಿಂತಿದ್ದಾಳೆ. ಇಬ್ಬರು ಇಂಗ್ಲಿಷ್ ಸಿಪಾಯಿಗಳು ಬಗ್ಗಿ ಕೂಸನ್ನು ನಗಿಸುತ್ತಿದ್ದಾರೆ. ಫೋಟೊದ ಬೆನ್ನಿಗೆ ಅಜ್ಜಿಯದೇ ಬರಹ: "1921. ಕೂಸಿನ ಹಾಸಿಗೆಯ ಕೆಳಗೆ ನಾಲ್ಕು ಬಂದೂಕು. ಡ್ಯಾನಿ ಅಳಲಿಲ್ಲ."

ಫಿಲಿಮ್‌ನ ಬೆರಳು ಕೂಸಿನ ಮೇಲೆ ನಿಂತುಬಿಟ್ಟಿತು. ಡ್ಯಾನಿ ಎಂದರೆ ಅವನ ಅಪ್ಪ. ಬದುಕಿದ್ದಷ್ಟು ಕಾಲ ಹುಂಜ ಕಂಡರೂ ಬೇಲಿ ಹಾರುತ್ತಿದ್ದ ಅಪ್ಪ. ಫಿಲಿಮ್‌ನ ಎದೆ ಚರ್ಚಿನ ಬಾಗಿಲಷ್ಟು ಅಗಲವಾಯಿತು.

"ಅಲ್ಲ ಪೀಡರ್," ಎಂದ ಮೆಲ್ಲಗೆ, "ಆರು ತಿಂಗಳ ಕೂಸಾಗಿದ್ದಾಗ ನಿಮ್ಮಪ್ಪ ಏನು ಕಡಿದು ಗುಡ್ಡೆ ಹಾಕಿದ್ದ?"