ಸಮುದ್ರರತ್ನರ ನದಿಯಾನ

ದೋಣಿ ಹತ್ತುವುದಿಲ್ಲವೆಂದು ಮಾವ ಕಟ್ಟೆಯ ಮೇಲೇ ಹಟ ಹಿಡಿದು ನಿಂತುಬಿಟ್ಟರು. ಎದೆಯ ಮೇಲೆ ಆಗಷ್ಟೇ ಚುಚ್ಚಿದ 'ಸಮುದ್ರರತ್ನ' ಪದಕ. ಎದುರಿಗೆ ಪತ್ರಿಕೆಯವರು, ಕ್ಯಾಮೆರಾದವರು. ಕಡಲ ಪರಂಪರೆ ಸಮಿತಿಯ ಅಧ್ಯಕ್ಷನಾದ ಅಳಿಯನಿಗೆ ಕುತ್ತಿಗೆಯಲ್ಲಿ ಬೆವರಿಳಿಯಿತು.

ಪದಕಕ್ಕೆ ಮಾವನನ್ನು ಸೂಚಿಸಿದವನು ಅವನೇ. "ಪರಂಪರೆ ಅಂದ್ರೆ ಮಾವನಿಂದ ಅಳಿಯನಿಗೆ ಬರೋದಾ?" ಎಂದು ಸಮಿತಿಯಲ್ಲಿ ಕೊಂಕು ನುಡಿದವರಿದ್ದರು. ಆದರೆ ಮಾವನಷ್ಟು ಕಡಲು ಕಂಡವರು ಊರಲ್ಲಿ ಬೇರೆ ಯಾರಿದ್ದರು? ವರ್ಷದಲ್ಲಿ ಅರ್ಧ ಹಡಗಿನಲ್ಲಿ, ಅರ್ಧ ಮನೆಯಲ್ಲಿ. ತಲೆ ನರೆತ ಮೇಲೂ ಹಡಗು ಕಂಪನಿಯವರು ಬಿಟ್ಟಿರಲಿಲ್ಲ. ಸಲಹೆಗೆಂದು ಕರೆಸಿಕೊಳ್ಳುತ್ತಲೇ ಇದ್ದರು. ಮರಳುವಾಗ ಯಾವುದೋ ದ್ವೀಪದ ಜೇನು ತರುತ್ತಿದ್ದರು, ಜೊತೆಗೆ ಮೂರು ಮಹಡಿ ಎತ್ತರದ ಅಲೆಗಳ ಕಥೆ. ಆ ಕಥೆಗಳಿಗೇ ಉಪ್ಪುಖಾರ ಹಚ್ಚಿ ಭಾಷಣ ಬಿಗಿದು ಅಳಿಯ ಅಧ್ಯಕ್ಷನಾಗಿದ್ದ.

ಬೆಳಗ್ಗೆ ಮಾವ ಉತ್ಸಾಹದಲ್ಲೇ ಇದ್ದರು. ಜೀರ್ಣೋದ್ಧಾರವಾದ ಹಳೆಯ ಹಾಯಿದೋಣಿಯಲ್ಲಿ, ನದಿ ಕಡಲು ಸೇರುವ ಅಳಿವೆ ದಾಟಿ ಕಡಲಿಗೆ ಹೋಗಬೇಕು, ದಡದ ಜನರತ್ತ ಕೈ ಬೀಸಬೇಕು. ಕೈ ಬೀಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದರು.

ಅಷ್ಟರಲ್ಲಿ ದೋಣಿಯವನು ಬಂದು ತಲೆ ಕೆರೆದುಕೊಂಡ. "ಸಾರ್, ಅಳಿವೆಯಲ್ಲಿ ಅಲೆ ಜೋರಿದೆ. ಇವತ್ತು ಕಡಲಿಗೆ ಆಗಲ್ಲ."

ಎಲ್ಲರ ಮುಖ ಜೋತುಬಿತ್ತು. ಅದುವರೆಗೆ ಮಾತಾಡದೆ ಕುಳಿತಿದ್ದ ಅತ್ತೆ ಬಾಯಿ ತೆರೆದರು.

"ನದಿಯಲ್ಲಿ ಮೇಲಕ್ಕೆ ಹೋದರಾಯ್ತಪ್ಪ. ಕಾಡಿನ ನಡುವೆ ಬಹಳ ಚೆನ್ನಾಗಿರುತ್ತಂತೆ."

ಮಾವನ ಮುಖ ಬಿಳಿಚಿಕೊಂಡಿದ್ದು ಆಗಲೇ. "ಬೇಡ. ಕಡಲಿಗೇ ಹೋಗೋಣ. ಅಲೆ ಇದ್ರೆ ಇರಲಿ, ನಾನಿಲ್ವಾ?"

"ನೀವಿದ್ದೀರಿ ಅಂತಲೇ ಭಯ," ಎಂದರು ಅತ್ತೆ.

"ನದಿಯನ್ನ ನಂಬಬಾರದು ಅಳಿಯಂದಿರೇ. ಸುಳಿ ಇರುತ್ತೆ."

"ಮಹಾಸಾಗರ ದಾಟಿದವರಿಗೆ ಈ ಹೊಳೆ ಯಾವ ಲೆಕ್ಕ ಮಾವ!" ಅಳಿಯ ಪತ್ರಿಕೆಯವರಿಗೆ ಕೇಳುವಂತೆ ನಕ್ಕ. ಆಮೇಲೆ ಮಾವನ ಕಿವಿಯಲ್ಲಿ, "ನನ್ನ ಮಾನ ಕಳೀಬೇಡಿ, ಹತ್ತಿ," ಎಂದು ಹಲ್ಲು ಕಚ್ಚಿ, ತೋಳು ಹಿಡಿದು ಒಳಗೆ ತಳ್ಳಿದ.

ದೋಣಿ ಹೊರಟಿತು. ಉಪ್ಪುನೀರಿನ ಪೊದೆಗಳು ಹಿಂದೆ ಬಿದ್ದವು. ಎರಡೂ ದಡಗಳಲ್ಲಿ ಹೆಮ್ಮರಗಳು ಒತ್ತೊತ್ತಾಗಿ ಬಂದವು. ಸಮುದ್ರರತ್ನರು ಹಾಯಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದರು. ಒಂದೊಂದು ತಿರುವಿಗೂ ಇನ್ನಷ್ಟು ಕುಗ್ಗುತ್ತಿದ್ದರು.

"ಸ್ವಲ್ಪ ತಲೆಸುತ್ತು, ವಯಸ್ಸಾಯ್ತಲ್ಲ," ಎಂದು ಅಳಿಯ ಪತ್ರಿಕೆಯವರಿಗೆ ಸಮಜಾಯಿಷಿ ಕೊಟ್ಟ. ಒಳಗೊಳಗೇ ಅನುಮಾನದ ಹುಳ ಕೊರೆಯತೊಡಗಿತ್ತು. ಕನ್ನಡಿಯಂತೆ ಮಲಗಿದ ನೀರಿಗೆ ಇಷ್ಟು ನಡುಕವೇ? ಈ ಮನುಷ್ಯ ಹಡಗನ್ನೇ ಹತ್ತಿಲ್ಲವೋ? ಯಾವುದೋ ಗೋದಾಮಿನಲ್ಲಿ ಮೂಟೆ ಕಾದು ಬಂದು ಮಹಾಸಾಗರದ ಬೂಸಿ ಬಿಟ್ಟರೋ?

ಅವನು ಬಗ್ಗಿ ಪಿಸುಗುಟ್ಟಿದ. "ಮಾವ, ನಿಜ ಹೇಳಿ. ನೀವು ಕಡಲು ಕಂಡಿದ್ದೀರಾ?"

"ಕಂಡಿದ್ದೀನಿ," ಎಂದಿತು ಟೋಪಿ. "ದಡದಿಂದ."

ಅಳಿಯನ ಕಣ್ಣ ಮುಂದೆ ಅಧ್ಯಕ್ಷರ ಕುರ್ಚಿ ನೀರಿನಲ್ಲಿ ತೇಲಿಹೋಯಿತು. "ಅಯ್ಯೋ ಪಾಪಿ! ಮತ್ತೆ ಅರ್ಧ ವರ್ಷ ಎಲ್ಲಿರ್ತಿದ್ರಿ?"

ದೋಣಿ ಮತ್ತೊಂದು ತಿರುವು ತಿರುಗಿತು. ಕಾಡಿನಂಚಿನಲ್ಲಿ ಒಂದು ಅಚ್ಚುಕಟ್ಟಾದ ಹೆಂಚಿನ ಮನೆ, ಅಂಗಳದಲ್ಲಿ ಸಾಲಾಗಿ ಜೇನುಪೆಟ್ಟಿಗೆ. ನೀರಿಗಿಳಿದ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಸೊಂಟ ನೆಟ್ಟಗೆ ಮಾಡಿ ಹಣೆಗೆ ಕೈಯಿಟ್ಟು ನೋಡಿದಳು. ಮುಖ ಅರಳಿತು.

"ಏನ್ರೀ! ಹಡಗು ಇಷ್ಟು ಬೇಗ ಬಂತಾ? ಮಕ್ಕಳೇ, ಓಡಿ ಬನ್ರೋ, ಅಪ್ಪ ಬಂದ್ರು!"

ಕ್ಯಾಮೆರಾಗಳೆಲ್ಲ ಒಟ್ಟಿಗೆ ಹಾಯಿಯ ಮರೆಗೆ ತಿರುಗಿದವು.

"ದಡಕ್ಕೆ ತಗೊಳ್ಳಪ್ಪ," ಎಂದರು ಅತ್ತೆ, ಕುಳಿತಲ್ಲಿಂದ ಅಲುಗಾಡದೆ. "ಇವರ ಬಂದರು ಇದೇ."