ಕೇಳದೆ ಬಿಟ್ಟದ್ದು

ಬೇಸಿಗೆಯ ಸಂಜೆ, ಬೀಜದ ಕಂಪನಿಯ ತೋಟದಲ್ಲಿ ಟೊಮೆಟೊ ಮೊಗ್ಗುಗಳ ಗಂಡುಕೇಸರ ಕೀಳುತ್ತಿದ್ದ ತಳಿತಜ್ಞೆಯ ಚಿಮಟ ಗಕ್ಕನೆ ನಿಂತಿತು. ಕಂಪನಿಯ ವಿದೇಶದ ತೋಟ ನೋಡಿಕೊಳ್ಳಲು ಅವಳೇ ಪಳಗಿಸಿದ ಕಿರಿಯವನು ಹೊರಟಿದ್ದಾನೆಂದು ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರು ಆಗಷ್ಟೇ ಹೇಳಿದ್ದರು.

“ನಿಮ್ಮ ಮಗು ಇನ್ನೂ ಚಿಕ್ಕದಲ್ವಾ ಅಂತ ನಾವೇ ನಿಮ್ಮನ್ನ ಬಿಟ್ವಿ ಕಣಮ್ಮಾ,” ಎಂದು ಉಪಕಾರ ಮಾಡಿದವರಂತೆ ನಕ್ಕರು.

“ಅವನಿಗೂ ಮಗು ಇದೆಯಲ್ಲ ಸರ್?”

“ಅವನ ಮನೇಲಿ ಹೆಂಡ್ತಿ ಇದಾಳೆ.”

“ನಮ್ಮನೇಲಿ ಗಂಡ ಇದಾರೆ.”

“ಅವ್ರು ಒಪ್ಪಬೇಕಲ್ಲಮ್ಮಾ! ಕೇಳಿದೀರಾ?”

ಕೇಳಿರಲಿಲ್ಲ. ಅಲ್ಲೇ ಗಂಡನಿಗೆ ಫೋನು ಹಚ್ಚಿ, ಮ್ಯಾನೇಜರಿಗೂ ಕೇಳುವಂತೆ ಹಿಡಿದಳು. “ರೀ, ನಾನು ಎರಡು ವರ್ಷ ಹೊರದೇಶಕ್ಕೆ ಹೋದ್ರೆ ಮಗಳನ್ನ ನೋಡ್ಕೋತೀರಾ?”

ಆ ಕಡೆ ಕುಕ್ಕರ್ ಕೂಗಿ ನಿಂತಿತು. “ಹೋಗಿ ಬಾರೇ. ಜಡೆ ಹಾಕೋದೊಂದು ಹೇಳ್ಕೊಟ್ಟು ಹೋಗು.”

ಫೋನು ಕೆಳಗಿಳಿಸದೆ ಅವಳೆಂದಳು: “ನಮ್ಮನೇಲಿ ಕೇಳಿದ್ದಾಯ್ತು. ಇನ್ನು ನಿಮ್ಮ ಮಾತು ಬಾಕಿ, ಸರ್.”