ಕೆರೆ ಏರಿಗೊಂದು ಟ್ರ್ಯಾಕ್ಟರ್

"ಮಡ್ಗಾರ್ಡ್ ಸೊಟ್ಟ ಆಗೇತಿ ನೋಡು. ಮುದುಕ ಸುಳ್ಳ ಹೇಳಾಕತ್ತಾನ, ಈ ಗಾಡಿ ಪಲ್ಟಿ ಹೊಡದದ್ದೇ," ಎಂದ ಜನಾರ್ದನ ಹೆಂಡತಿ ಕುಮುದಾಳಿಗೆ, ದನಿಯನ್ನೂ ತಗ್ಗಿಸದೆ. ತೆಲುಗರ ಈ ಊರಿನಲ್ಲಿ ಕೋಠಿಯ ಸೀರೆ ಅಂಗಡಿಯಿರಲಿ, ಕುಷಾಯಿಗೂಡದ ತರಕಾರಿ ಗಾಡಿಯಿರಲಿ, ಚೌಕಾಶಿ ತೆಲುಗಿನಲ್ಲಿ, ಗುಟ್ಟು ಕನ್ನಡದಲ್ಲಿ. ಅದು ಅವರಿಬ್ಬರ ಹಳೆಯ ರೂಢಿ. ಈಗ ಕೆರೆ ಏರಿಯ ಹುಲ್ಲು ಕೊಯ್ಯುವ ಗುತ್ತಿಗೆ ಹಿಡಿದು, ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಬಂದಿದ್ದರು.

ಗಾಡಿ ಮಾರಲು ನಿಂತಿದ್ದ ಮುದುಕ ಯಾದಯ್ಯ ತಲೆಗೆ ಟವೆಲ್ ಬಿಗಿದು ಸೀಟಿಗೆ ಹತ್ತಿದವನೇ ಮನೆಯೆದುರಿನ ಏರಿಯ ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ಅಡ್ಡಡ್ಡ ಓಡಿಸಿದ. ಟ್ರ್ಯಾಕ್ಟರ್ ಒಂದೇ ಮಗ್ಗುಲಿಗೆ ವಾಲಿತು. ಮೇಲಿನ ಚಕ್ರ ನೆಲ ಬಿಟ್ಟು ಎದ್ದು, ಕ್ಷಣ ಬಿಟ್ಟು ಕೂತಿತು.

"ರೀ, ಅವರಿಗೆ ನಮ್ಮ ಮಾತು ತಿಳದೈತ್ರಿ," ಎಂದು ಕುಮುದಾ ಗಂಡನ ತೋಳು ಹಿಡಿದಳು. ಜನಾರ್ದನನ ಮುಖಕ್ಕೆ ಬಿಸಿ ಏರಿತು. ಬೇಡ, ಇಳಿಯಿರಿ ಎಂದು ತೆಲುಗಿನಲ್ಲಿ ಕೂಗಿದ. ಕನ್ನಡದಲ್ಲಿ ಕೂಗಲು ನಾಲಗೆ ಏಳಲಿಲ್ಲ.

ಏರಿಯ ಆ ತುದಿ ಮುಟ್ಟಿ ಬಂದ ಯಾದಯ್ಯ ಇಂಜಿನ್ ಆರಿಸಿದ. ಚಾವಿಯನ್ನು ಧೋತರಕ್ಕೆ ಒರೆಸಿ ಜನಾರ್ದನನ ಅಂಗೈಯಲ್ಲಿಟ್ಟ.

"ನಾ ಈಗ ಹೊಡದಂಗ ನೀವು ಹೊಡೀಬ್ಯಾಡ್ರಿ," ಎಂದ, ಬೀದರಿನ ಕಡೆಯ ಕನ್ನಡದಲ್ಲಿ. "ಯಾವಾಗಲೂ ಮ್ಯಾಲಿಂದ ಕೆಳಗ ಹೊಡೀರಿ. ಅಡ್ಡ ಹೊಡದ್ರ ಖರೇನ ಪಲ್ಟಿ ಆಗ್ತದ."